ಮ್ಯಾಚ್ ಆಗುತ್ತೆ, ಉತ್ತರ ಬರಲ್ಲ: ನನ್ನ ಇಂಗ್ಲಿಷ್ ಸರಿಯಿಲ್ಲ ಅಂತಾನಾ?

ನಿಮ್ಮ ಪ್ರಶ್ನೆ ಓದಿದೆ. ಕಲಬುರಗಿಯವರು, ವಯಸ್ಸು 27, ಕನ್ನಡ ಮೀಡಿಯಂನಲ್ಲಿ ಓದಿದವರು. ಡೇಟಿಂಗ್ ಆ್ಯಪ್‌ನಲ್ಲಿ ಮ್ಯಾಚ್ ಆಗುತ್ತದೆ, ನೀವು ಮೆಸೇಜ್ ಹಾಕಿದ ಮೇಲೆ ಆ ಕಡೆಯಿಂದ ಸದ್ದೇ ಇಲ್ಲ. ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಲಾ ಅಂತ ಕೇಳಿದ್ದೀರಿ. ನಾನೂ ಇದೇ ಊರಲ್ಲಿ ಕೆಲಸ ಮಾಡುವ ಹೆಣ್ಣುಮಗಳು. ನಾನು ಮದುವೆಯಾಗಲಿರುವ ಹುಡುಗ ಸಿಕ್ಕಿದ್ದು ಇಂಥದ್ದೇ ಆ್ಯಪ್‌ನಲ್ಲಿ. ಹಾಗಾಗಿ ಮೆಸೇಜ್ ಬಂದು ಬೀಳುವ ಕಡೆ ನಿಂತು ಹೇಳುತ್ತೇನೆ.

ನೌಕರಿಗೆ ಬೇಕಿದ್ದರೆ ಕ್ಲಾಸಿಗೆ ಸೇರಿ, ಇದಕ್ಕಾಗಿ ಬೇಡ. ಟಿಂಡರ್ ಆಗಲಿ ಬಂಬಲ್ ಆಗಲಿ, ಇಬ್ಬರೂ ಇಷ್ಟ ಅಂತ ಒತ್ತಿದರೆ ಮಾತ್ರ ಮ್ಯಾಚ್. ಅಂದರೆ ಅವಳು ನಿಮ್ಮ ಫೋಟೋ ನೋಡಿದ್ದಾಳೆ, ಮಾತಾಡಬಹುದು ಅಂದುಕೊಂಡಿದ್ದಾಳೆ. ಆಮೇಲೂ ಸುಮ್ಮನಾದರೆ ಒಮ್ಮೊಮ್ಮೆ ನಿಮಗೆ ಸಂಬಂಧವೇ ಇಲ್ಲದ ಕಾರಣ ಇರುತ್ತದೆ. ಆ್ಯಪ್ ಬೇಜಾರಾಗಿ ತೆಗೆದುಹಾಕಿರಬಹುದು, ಬೇರೆ ಯಾರದೋ ಜೊತೆ ಮಾತು ಮುಂದುವರಿದಿರಬಹುದು. ಆದರೆ ಪ್ರತಿ ಸಲವೂ ಹೀಗೇ ಆಗುತ್ತಿದ್ದರೆ ಮೆಸೇಜನ್ನೇ ನೋಡಬೇಕು.

ನೀವು ಕಳಿಸುವ ಮೊದಲ ಮೆಸೇಜ್ ಇದು: 'ಹಾಯ್ ಡಿಯರ್, ಯು ಆರ್ ಲುಕಿಂಗ್ ಗಾರ್ಜಿಯಸ್, ವೇರ್ ಆರ್ ಯು ಫ್ರಮ್, ಫುಲ್ ನೇಮ್ ಪ್ಲೀಸ್'. ಇದರಲ್ಲಿ ಇಂಗ್ಲಿಷ್ ತಪ್ಪಿದೆಯಾ ಅನ್ನೋದು ನನ್ನ ಕಣ್ಣಿಗೆ ಕೊನೆಗೆ ಬೀಳುವ ವಿಷಯ. ಮೊದಲು ಕಾಣೋದು, ಇದನ್ನು ಯಾವ ಹುಡುಗಿಗೆ ಬೇಕಾದರೂ ಕಳಿಸಬಹುದು ಅನ್ನೋದು. ಅವಳು ತನ್ನ ಬಗ್ಗೆ ನಾಲ್ಕು ಸಾಲು ಬರೆದಿರುತ್ತಾಳೆ. ಅದರಲ್ಲಿ ಒಂದು ಮಾತೂ ನಿಮ್ಮ ಮೆಸೇಜಿನಲ್ಲಿಲ್ಲ.

ಇದು ನನ್ನೊಬ್ಬಳ ಅಭಿಪ್ರಾಯವಲ್ಲ. ಅಮೆರಿಕದ ಡೇಟಿಂಗ್ ಸೈಟ್ ಓಕೆಕ್ಯುಪಿಡ್‌ನವರು 2009ರಲ್ಲಿ ತಮ್ಮಲ್ಲಿ ಹೋಗಿಬಂದ 5 ಲಕ್ಷಕ್ಕೂ ಹೆಚ್ಚು ಮೊದಲ ಮೆಸೇಜ್‌ಗಳ ಲೆಕ್ಕ ಹಾಕಿ ನೋಡಿದ್ದರು. ಸುಮ್ನೆ 'ಹಾಯ್' ಅಂದವರಿಗೆ ಉತ್ತರ ಕಡಿಮೆ. ಮೊದಲ ಮಾತಿಗೇ ರೂಪ ಹೊಗಳಿದವರಿಗೂ ಕಡಿಮೆ. ಪದ ಕತ್ತರಿಸಿ ಒಂದೊಂದೇ ಅಕ್ಷರದಲ್ಲಿ ಬರೆದವರಿಗಂತೂ ತೀರಾ ಕಡಿಮೆ. ಎದುರಿನವರ ಆಸಕ್ತಿಯ ಹೆಸರು ಹಿಡಿದು ಕೇಳಿದವರಿಗೆ ಉತ್ತರ ಜಾಸ್ತಿ ಬಂದಿತ್ತು. ಅದು ಇಂಗ್ಲಿಷ್ ಮಾತಾಡುವ ಜನರ ಲೆಕ್ಕ, ನಿಜ. ಆದರೆ ನನ್ನ ಫೋನಿಗೆ ಬರುತ್ತಿದ್ದ ಮೆಸೇಜ್‌ಗಳಿಗೂ, ಪಿಜಿಯಲ್ಲಿ ಗೆಳತಿಯರು ತೋರಿಸುತ್ತಿದ್ದ ಮೆಸೇಜ್‌ಗಳಿಗೂ ಅದು ಹಾಗೇ ಹೊಂದುತ್ತದೆ.

ಅಮೆರಿಕದ ಲೆಕ್ಕದಲ್ಲಿ ಸಿಗದ ವಿಷಯ ಒಂದಿದೆ, ನನಗೆ ಅದೇ ಮುಖ್ಯ. ನಮ್ಮ ಕಡೆ ಹೊಸಬರು ಸಿಕ್ಕರೆ ಯಾವ ಊರು, ಯಾರ ಮನೆಯವರು, ಅಡ್ಡಹೆಸರೇನು ಅಂತ ಕೇಳುತ್ತೇವೆ. ಬಸ್ಸಿನಲ್ಲಿ ಪಕ್ಕ ಕೂತವರೂ ಕೇಳುತ್ತಾರೆ. ಅದರಲ್ಲಿ ಪ್ರೀತಿಯೇ ಇದೆ, ಯಾರೂ ಬೇಸರ ಮಾಡಿಕೊಳ್ಳಲ್ಲ. ಆದರೆ ಅದೇ ಪ್ರಶ್ನೆ ಆ್ಯಪ್‌ನಲ್ಲಿ ಬಂದರೆ ಹುಡುಗಿಗೆ ಎದೆ ಝಲ್ ಅನ್ನುತ್ತದೆ. ಅಲ್ಲಿ ಅವಳು ಬರೀ ಹೆಸರು ಹಾಕಿರುವುದೇ ಗುರುತು ಸಿಗಬಾರದು ಅಂತ. ಈ ಊರಲ್ಲಿ ಅಡ್ಡಹೆಸರು ಗೊತ್ತಾದರೆ ಜಾತಿ ಗೊತ್ತಾಗುತ್ತದೆ. ಊರೂ ಗೊತ್ತಾದರೆ ಸಂಜೆಯೊಳಗೆ ಅಪ್ಪನ ಹೆಸರು ಗೊತ್ತಾಗುತ್ತದೆ. ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಹತ್ತು ಹೆಜ್ಜೆ ಹಾಕಿದರೆ ಒಬ್ಬ ಪರಿಚಯದವರು ಸಿಗುವ ಊರು ಇದು. ನೀವು ಒಳ್ಳೆಯ ಮನಸ್ಸಿನಿಂದಲೇ 'ಫುಲ್ ನೇಮ್' ಕೇಳಿರಬಹುದು. ಅವಳು ಮಾತ್ರ, ಇವನು ಜಾತಿ ಕೇಳುತ್ತಿದ್ದಾನೆ, ಇಲ್ಲವೇ ನನ್ನ ಮನೆ ಹುಡುಕುತ್ತಿದ್ದಾನೆ ಅಂದುಕೊಂಡು ಅನ್‌ಮ್ಯಾಚ್ ಮಾಡುತ್ತಾಳೆ.

ಎರಡನೇ ಮೆಸೇಜಿಗೇ 'ವಾಟ್ಸ್‌ಆ್ಯಪ್ ನಂಬರ್ ಕೊಡಿ' ಅನ್ನೋದೂ ಅಷ್ಟೇ. ನಂಬರ್ ಅಂದರೆ ಬರೀ ನಂಬರ್ ಅಲ್ಲ. ಟ್ರೂಕಾಲರ್‌ಗೆ ಹಾಕಿದರೆ ಹೆಸರು ಬರುತ್ತದೆ. ಫೋನ್‌ಪೇಯಲ್ಲಿ ದುಡ್ಡು ಕಳಿಸುವವರಂತೆ ಹೊಡೆದು ನೋಡಿದರೆ ಬ್ಯಾಂಕಿನಲ್ಲಿರುವ ಪೂರ್ತಿ ಹೆಸರು, ಅಡ್ಡಹೆಸರಿನ ಸಮೇತ, ಕಣ್ಣ ಮುಂದೆ ಬರುತ್ತದೆ. ಇದು ಹುಡುಗಿಯರಿಗೆಲ್ಲ ಗೊತ್ತು. ಅವಳೇ ಕೊಡುವವರೆಗೆ ಕೇಳಬೇಡಿ. 'ಇಲ್ಲೇ ಮಾತಾಡೋಣ, ನಿಮಗೆ ಅನಿಸಿದಾಗ ನಂಬರ್ ಕೊಡಿ' ಅಂತ ಒಬ್ಬ ಹುಡುಗ ತಾನಾಗೇ ಹೇಳಿದರೆ ಎಷ್ಟು ನಿರಾಳ ಆಗುತ್ತದೆ ಗೊತ್ತಾ? ನನಗೆ ಹಾಗೆ ಹೇಳಿದವನನ್ನೇ ನಾನು ಮದುವೆಯಾಗುತ್ತಿದ್ದೇನೆ.

ಅವನ ಮೊದಲ ಮೆಸೇಜ್ ಹೇಗಿತ್ತು ಅಂತ ಹೇಳುತ್ತೇನೆ. ನನ್ನ ಒಂದು ಫೋಟೋದಲ್ಲಿ ಹಿಂದೆ ಒಂದು ಗೋಡೆ, ಅದರಲ್ಲಿ ಅರ್ಧ ಉದುರಿದ ನೀಲಿ ಹಂಚು ಇತ್ತು. ಜಾಗದ ಹೆಸರು ನಾನು ಹಾಕಿರಲಿಲ್ಲ. ಅವನು ಬರೆದಿದ್ದು: 'ಹಿಂದಿನ ಗೋಡೆ ಬೀದರ್ ಗವಾನ್ ಮದರಸಾದ್ದು ಅಲ್ರಿ? ಅದರ ಇನ್ನೊಂದು ಮಿನಾರ ಹೆಂಗ ಬಿತ್ತು ಗೊತ್ತದ ಏನು?' 1472ರಲ್ಲಿ ಕಟ್ಟಿದ ಆ ಮದರಸಾದ ಮುಂದಿನ ಎರಡು ಮಿನಾರಗಳಲ್ಲಿ ಒಂದೇ ಉಳಿದಿದೆ. ಸಿಡಿಲು ಬಡಿದು ಬಿತ್ತು ಅಂತ ನಾನು, ಒಳಗಿಟ್ಟ ಮದ್ದು ಸಿಡಿದು ಬಿತ್ತು ಅಂತ ಅವನು. ಒಂದು ವಾರ ಇದೇ ಜಗಳ. ಅವನು ಟೈಪ್ ಮಾಡಿದ್ದು ಇಂಗ್ಲಿಷ್ ಅಕ್ಷರದಲ್ಲೇ, ಮಾತು ಮಾತ್ರ ನಮ್ಮ ಮನೆಯಲ್ಲಿ ಆಡುವ ಮಾತು. ಅವನು ನನ್ನ ಮುಖಕ್ಕಿಂತ ಹಿಂದಿನ ಗೋಡೆಯನ್ನು ಗಮನಿಸಿ ನೋಡಿದ್ದ ಅನ್ನೋದೇ ನನಗೆ ಧೈರ್ಯ ಕೊಟ್ಟಿತು.

ಹಾಗಾಗಿ ನಿಮ್ಮ ಭಾಷೆಯಲ್ಲೇ ಬರೆಯಿರಿ. ಅವಳ ಪ್ರೊಫೈಲ್ ಪೂರ್ತಿ ಇಂಗ್ಲಿಷಿನಲ್ಲಿದ್ದರೆ ಸರಳ ಇಂಗ್ಲಿಷಿನಲ್ಲಿ ಎರಡು ಸಾಲು ಸಾಕು, ಪದ ಕತ್ತರಿಸಬೇಡಿ. ಕನ್ನಡ, ನಮ್ಮ ಕಡೆಯ ದಖನಿ ಉರ್ದು, ಇಂಗ್ಲಿಷ್ ಕಲೆಸಿ ಬರೆದಿದ್ದರೆ ನೀವೂ ಹಾಗೇ ಬರೆಯಿರಿ, ನಾವು ದಿನಾ ಮಾತಾಡುವುದೇ ಹಾಗೆ ಅಲ್ವಾ? ಬೆಂಗಳೂರಿನವರ ಥರ ಬರೆಯಲು ಹೋಗಬೇಡಿ. ಚಾಟ್‌ಜಿಪಿಟಿಯಿಂದ ಬರೆಸಿದ್ದೂ ಬೇಡ. ಮೊದಲ ಮೆಸೇಜ್ ದೊಡ್ಡ ಇಂಗ್ಲಿಷಿನಲ್ಲಿದ್ದು ಎರಡನೆಯದು 'ಊಟ ಆಯ್ತಾ' ಅಂತ ಬಂದರೆ ತಕ್ಷಣ ಗೊತ್ತಾಗುತ್ತದೆ. ಇನ್ನು, ಮೊದಲ ದಿನವೇ 'ನೀನು' ಬೇಡ. ಕಲಬುರಗಿಯಲ್ಲಿ ಅದು ಸಲಿಗೆ ಅನಿಸಲ್ಲ, ಒರಟು ಅನಿಸುತ್ತದೆ.

ಅಮೆರಿಕದಲ್ಲಿ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಜೊತೆಯವರು 2011ರಲ್ಲಿ ಪ್ರಕಟಿಸಿದ ಅಧ್ಯಯನವೂ ಇಲ್ಲಿ ಹೊಂದುತ್ತದೆ. ಜೋಡಿಗಳ ಚಾಟ್‌ಗಳನ್ನು ತೆಗೆದುಕೊಂಡು ನೋಡಿದರು. ಮಾತಿನ ಧಾಟಿ, ಅಂದರೆ ಸಣ್ಣಪುಟ್ಟ ಪದಗಳ ಬಳಕೆ, ಒಂದಕ್ಕೊಂದು ಹೊಂದುತ್ತಿದ್ದ ಜೋಡಿಗಳು ಮೂರು ತಿಂಗಳ ನಂತರವೂ ಜೊತೆಗಿರುವುದು ಜಾಸ್ತಿ. 2017ರಲ್ಲಿ ಹಾರ್ವರ್ಡ್‌ನವರು ಸ್ಪೀಡ್ ಡೇಟಿಂಗ್, ಅಂದರೆ ಅಪರಿಚಿತರು ಒಬ್ಬೊಬ್ಬರ ಜೊತೆ ಕೆಲವೇ ನಿಮಿಷ ಮಾತಾಡಿ ನೋಡುವ ಭೇಟಿಗಳ ಮಾತುಕತೆಗಳಲ್ಲಿ ಕಂಡದ್ದು ಇನ್ನೂ ಉಪಯೋಗದ್ದು. ಎದುರಿನವರು ಹೇಳಿದ್ದನ್ನೇ ಹಿಡಿದು ಮುಂದಿನ ಪ್ರಶ್ನೆ ಕೇಳುವವರಿಗೆ ಎರಡನೇ ಭೇಟಿ ಹೆಚ್ಚು ಸಿಗುತ್ತದೆ. 'ಇವತ್ತು ಬ್ಯಾಂಕಲ್ಲಿ ಆಡಿಟ್ ಇತ್ತು' ಅಂತ ಅವಳು ಅಂದರೆ 'ಓಕೆ, ಮತ್ತೆ?' ಅನ್ನಬೇಡಿ. 'ಆಡಿಟ್ ಇದ್ದರೆ ಎಷ್ಟು ಹೊತ್ತಿಗೆ ಮನೆಗೆ ಬಿಡ್ತಾರೆ?' ಅಂತ ಕೇಳಿ.

ಹೊತ್ತಿನ ಬಗ್ಗೆಯೂ ಒಂದು ಮಾತು. ರಾತ್ರಿ ಹನ್ನೊಂದಕ್ಕೆ 'ಮಲಗಿದ್ರಾ?', ಬೆಳಿಗ್ಗೆ 'ಯಾಕೆ ರಿಪ್ಲೈ ಇಲ್ಲ??', ಮಧ್ಯಾಹ್ನ ಗುಲಾಬಿ ಹೂವಿನ ಗುಡ್ ಆಫ್ಟರ್‌ನೂನ್. ಅವಳ ಫೋನ್ ಅಡುಗೆಮನೆ ಕಟ್ಟೆಯ ಮೇಲೆ, ಅಮ್ಮನ ಪಕ್ಕದಲ್ಲಿ ಇರುತ್ತದೆ. ಸ್ಕ್ರೀನ್ ಪದೇಪದೇ ಬೆಳಗಿದರೆ ಉತ್ತರ ಹೇಳಬೇಕಾದವಳು ಅವಳು. ಒಂದು ಮೆಸೇಜ್ ಹಾಕಿ, ಬಿಟ್ಟುಬಿಡಿ. ನಾಲ್ಕು ದಿನ ಬಿಟ್ಟು ಇನ್ನೊಂದು ಹಾಕಿದರೆ ತಪ್ಪಿಲ್ಲ. ಅದಕ್ಕೂ ಉತ್ತರವಿಲ್ಲದಿದ್ದರೆ ಅಲ್ಲಿಗೆ ನಿಲ್ಲಿಸಿ.

ಕೊನೆಯ ಮ್ಯಾಚ್‌ನ ಹುಡುಗಿ ಅಪ್ಪನ ಕೆರೆ ಹತ್ತಿರ ಬೆಳಿಗ್ಗೆ ಓಡುತ್ತಾಳೆ ಅಂತ ಬರೆದಿದ್ದೀರಿ. ಅವಳಿಗಿನ್ನೂ ನೀವು ಏನೂ ಕಳಿಸಿಲ್ಲ. 'ಈ ಬ್ಯಾಸಗಿಯೊಳಗ ಎಷ್ಟು ಗಂಟೆಗೆ ಏಳ್ತೀರಿ? ನನಗ ಆರು ಗಂಟೆಗೇ ಬೆವರು ಬರ್ತದ' ಅಂತ ಹಾಕಿ ನೋಡಿ. 'ನಾನೂ ಅಲ್ಲಿಗೆ ಬರಲಾ' ಅನ್ನೋದು ಮಾತ್ರ ಈಗಲೇ ಬೇಡ. ಆಮೇಲೆ ನಿಮ್ಮ ಪ್ರೊಫೈಲಿನಲ್ಲಿ ನೀವೇನು ಬರೆದುಕೊಂಡಿದ್ದೀರಿ ಅಂತ ಹೇಳೇ ಇಲ್ಲ. ಅದನ್ನೂ ಇಲ್ಲಿ ಹಾಕಿ, ಓದಿ ಹೇಳುತ್ತೇನೆ.