ಸ್ಟೆಮ್ ಸೆಲ್ ಹಾಕಿಸಿದರೆ ಅಪ್ಪನ ಶುಗರ್ ವಾಸಿಯಾಗುತ್ತಾ?

ನಿಮ್ಮ ತಂದೆಗೆ 58 ವರ್ಷ, ಟೈಪ್ 2 ಶುಗರ್, ಈಗ ಇನ್ಸುಲಿನ್ ಶುರುವಾಗಿದೆ. ಕ್ಲಿನಿಕ್ ಒಂದರವರು ಮೂರು ಲಕ್ಷಕ್ಕೆ ಸ್ಟೆಮ್ ಸೆಲ್ ಹಾಕಿ ವಾಸಿ ಮಾಡುತ್ತೇವೆ ಅನ್ನುತ್ತಿದ್ದಾರೆ, ಮಾಡಿಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಮಾಡಿಸಬೇಡಿ.

ನಾನು ಡಾಕ್ಟರ್ ಅಲ್ಲ. ನನ್ನ ಮಗಳಿಗೆ ಟೈಪ್ 1 ಇದೆ, ಹಾಗಾಗಿ ಈ ಬಗ್ಗೆ ಏನೇ ಬಂದರೂ ಬಿಡದೆ ಓದುತ್ತೇನೆ.

ಸ್ಟೆಮ್ ಸೆಲ್ ಅಂದರೆ ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ. ಅದೇ ಸುಳ್ಳು ಅಂತಲ್ಲ. ಟೈಪ್ 1ರಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ನಮ್ಮ ಮೈಯ ರಕ್ಷಣಾ ವ್ಯವಸ್ಥೆಯೇ ಕೊಂದುಹಾಕುತ್ತದೆ. ಆಗ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿದ್ದ ವಿಜ್ಞಾನಿ ಡಗ್ಲಸ್ ಮೆಲ್ಟನ್ ಅವರ ಮಗನಿಗೆ ಕೂಸಾಗಿದ್ದಾಗಲೇ ಇದು ಬಂತು. ಅವರು ಅದರ ಹಿಂದೆಯೇ ಬಿದ್ದು, 2014ರಲ್ಲಿ ಲ್ಯಾಬ್‌ನಲ್ಲಿ ಸ್ಟೆಮ್ ಸೆಲ್‌ನಿಂದ ಬೀಟಾ ಕೋಶ ಬೆಳೆಸಿ ತೋರಿಸಿದರು. ಆ ದಾರಿಯಲ್ಲೇ ಅಮೆರಿಕದ ವರ್ಟೆಕ್ಸ್ ಕಂಪನಿ ಮಾಡಿದ ಪ್ರಯೋಗದ ಫಲಿತಾಂಶ 2025ರ ಜೂನ್‌ನಲ್ಲಿ ಬಂತು. ಪೂರ್ತಿ ಡೋಸ್ ತೆಗೆದುಕೊಂಡ 12 ಜನರಲ್ಲಿ 10 ಜನಕ್ಕೆ ಒಂದು ವರ್ಷದ ಹೊತ್ತಿಗೆ ಇನ್ಸುಲಿನ್ ಬೇಕಾಗಿರಲಿಲ್ಲ. ಕೋಶಗಳನ್ನು ಹಾಕಿದ್ದು ಲಿವರ್‌ಗೆ ಹೋಗುವ ರಕ್ತನಾಳಕ್ಕೆ. ಅವು ಅಲ್ಲೇ ನೆಲೆಯೂರಿ ಇನ್ಸುಲಿನ್ ಕೊಡುತ್ತವೆ.

ಆದರೆ ಇವು ಬೇರೆಯವರ ಕೋಶಗಳು. ಮೈ ಅವನ್ನು ತಿರಸ್ಕರಿಸದ ಹಾಗೆ, ಕಿಡ್ನಿ ಕಸಿ ಮಾಡಿಸಿಕೊಂಡವರಂತೆ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುತ್ತಲೇ ಇರಬೇಕು. ಸೋಂಕಿನ ಭಯ ಯಾವಾಗಲೂ ಇದ್ದದ್ದೇ. ಅದಕ್ಕೇ ಸೂಚನೆಯೇ ಇಲ್ಲದೆ ಶುಗರ್ ಕುಸಿದು ಪ್ರಜ್ಞೆ ತಪ್ಪುವಂಥವರನ್ನೇ ಆರಿಸಿಕೊಂಡಿದ್ದರು. ಮಧ್ಯರಾತ್ರಿ ಸೆನ್ಸರ್ ಕೂಗಿಕೊಂಡಾಗ ನಿದ್ದೆಗಣ್ಣಿನ ಮಗಳಿಗೆ ಗ್ಲೂಕೋಸ್ ನೀರು ಕುಡಿಸುವ ಕಷ್ಟ ನನಗೆ ಗೊತ್ತು. ಆದರೂ ಇವತ್ತಿಗೆ ಅವಳ ಇನ್ಸುಲಿನ್ ಪೆನ್ ಬಿಡಿಸಿ ಆ ಮಾತ್ರೆಗಳಿಗೆ ಹಾಕಲು ನಾನು ಒಪ್ಪುವುದಿಲ್ಲ.

ಟೈಪ್ 2 ಕಥೆ ಬೇರೆ. ಅಲ್ಲಿ ಇನ್ಸುಲಿನ್ ಇದ್ದರೂ ಮೈ ಅದರ ಮಾತು ಕೇಳುವುದಿಲ್ಲ. ಶಾಂಘೈನಲ್ಲಿ 25 ವರ್ಷದಿಂದ ಟೈಪ್ 2 ಇದ್ದ ಒಬ್ಬರಿಗೆ 2021ರಲ್ಲಿ ಅವರದೇ ರಕ್ತದ ಕೋಶಗಳಿಂದ ಬೆಳೆಸಿದ್ದನ್ನು ಹಾಕಿದರು, 11 ವಾರದಲ್ಲಿ ಇನ್ಸುಲಿನ್ ನಿಂತಿತು. ಪೇಪರ್‌ನಲ್ಲಿ ದೊಡ್ಡದಾಗಿ ಬಂದದ್ದು ಇದೇ. ಅವರಿಗೆ ಮೊದಲೇ ಕಿಡ್ನಿ ಕಸಿ ಆಗಿತ್ತು, ಆ ಮಾತ್ರೆಗಳು ಹೇಗೂ ನಡೆಯುತ್ತಿದ್ದವು ಅನ್ನೋದು ಮಾತ್ರ ಯಾರ ಗಮನಕ್ಕೂ ಬರಲಿಲ್ಲ.

ಇನ್ನು ಕ್ಲಿನಿಕ್‌ಗಳು. ಇಂಥ ಕಡೆ ಸಾಮಾನ್ಯವಾಗಿ ಹೊಟ್ಟೆಯ ಕೊಬ್ಬನ್ನೋ ಸೊಂಟದ ಮೂಳೆಯ ಮಜ್ಜೆಯನ್ನೋ ತೆಗೆದು, ಮೆಷಿನ್‌ನಲ್ಲಿ ತಿರುಗಿಸಿ, ಡ್ರಿಪ್ ಹಾಕುತ್ತಾರೆ. ಆ ಕೋಶಗಳು ಒಳಗೆ ಹೋಗಿ ಬೀಟಾ ಕೋಶಗಳಾಗುತ್ತವೆ ಅನ್ನುವುದಕ್ಕೆ ಆಧಾರವಿಲ್ಲ. ವರ್ಟೆಕ್ಸ್ ಹಾಕಿದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ನಮ್ಮ ಸಂಬಂಧಿಕರೊಬ್ಬರ ಜೊತೆ ಇಂಥದೊಂದು ಕಡೆ ಹೋಗಿದ್ದೆ. ಕೌನ್ಸೆಲರ್ ಹುಡುಗಿ ಲ್ಯಾಮಿನೇಷನ್ ಮಾಡಿಸಿದ ರಿಪೋರ್ಟ್‌ಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಎಲ್ಲದರಲ್ಲೂ ಎಚ್‌ಬಿಎ1ಸಿ, ಅಂದರೆ ಸುಮಾರು ಮೂರು ತಿಂಗಳ ಸರಾಸರಿ ಶುಗರ್, ಇಳಿದಿತ್ತು. ಆದರೆ ಡ್ರಿಪ್ ಜೊತೆಗೇ ಡಯಟ್ ಚಾರ್ಟು, ಹೊಸ ಮಾತ್ರೆ ಎಲ್ಲಾ ಕೊಡುತ್ತಾರೆ. ಇಳಿದದ್ದು ಯಾವುದರಿಂದ? ಸಿ-ಪೆಪ್ಟೈಡ್ ಎಷ್ಟಿತ್ತು, ಎಷ್ಟಾಯಿತು ಅಂತ ಕೇಳಿದೆ. ಮೈ ತಾನೇ ಇನ್ಸುಲಿನ್ ಮಾಡಿದಾಗ ಮಾತ್ರ ಅದು ರಕ್ತದಲ್ಲಿ ಸಿಗುತ್ತದೆ, ಚುಚ್ಚಿಕೊಂಡ ಇನ್ಸುಲಿನ್‌ನಲ್ಲಿ ಇರುವುದಿಲ್ಲ. ಹೊಸ ಕೋಶ ಕೆಲಸ ಮಾಡುತ್ತಿದ್ದರೆ ಅದು ಏರಲೇಬೇಕು ಅಲ್ವಾ? "ಅದೆಲ್ಲ ಡಾಕ್ಟರ್ ಹೇಳ್ತಾರೆ ಸರ್, ಈ ವಾರ ಬುಕ್ ಮಾಡಿದ್ರೆ ಡಿಸ್ಕೌಂಟ್ ಇದೆ" ಅಂದಳು.

ವೈದ್ಯಕೀಯ ಸಂಶೋಧನೆಯ ಕೇಂದ್ರ ಸರ್ಕಾರಿ ಸಂಸ್ಥೆ ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ರಕ್ತದ ಕಾಯಿಲೆಗಳಂಥ ಕೆಲವಕ್ಕೆ ಮಾಡುವ ಮಜ್ಜೆ ಕಸಿ ಬಿಟ್ಟರೆ ಉಳಿದ ಸ್ಟೆಮ್ ಸೆಲ್ ಬಳಕೆಯೆಲ್ಲ ಪ್ರಯೋಗ. ಪ್ರಯೋಗ ಅಂದಮೇಲೆ ಇಂಥ ಪ್ರಯೋಗಗಳ ಸರ್ಕಾರಿ ಪಟ್ಟಿಯಾದ ಸಿಟಿಆರ್‌ಐನಲ್ಲಿ ನೋಂದಣಿ ಇರಬೇಕು, ರೋಗಿಯಿಂದ ದುಡ್ಡು ಕೇಳುವಂತಿಲ್ಲ. ನಿಮ್ಮ ಕ್ಲಿನಿಕ್‌ನವರನ್ನು ಆ ನೋಂದಣಿ ನಂಬರ್ ಕೇಳಿ ನೋಡಿ.

ಅಪ್ಪನಿಗೆ ಸಿ-ಪೆಪ್ಟೈಡ್ ಟೆಸ್ಟ್ ಬೇಕಾ ಅಂತ ಅವರ ಡಾಕ್ಟರ್ ಹತ್ತಿರ ಮಾತಾಡಿ. ತೂಕ ಜಾಸ್ತಿ ಇದ್ದರೆ ಅದನ್ನು ಇಳಿಸುವುದರಿಂದ ಇನ್ಸುಲಿನ್ ಡೋಸ್ ಕಡಿಮೆಯಾಗಬಹುದು. ಅಡ್ವಾನ್ಸ್ ಕೊಟ್ಟಾಗಿದ್ದರೆ ರಸೀದಿ, ವಾಟ್ಸಾಪ್ ಮೆಸೇಜ್ ಜೋಪಾನವಾಗಿಡಿ, ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಬೇಕಾಗುತ್ತದೆ. ಕ್ಲಿನಿಕ್‌ನವರ ಮಾತು ನಂಬಿ ಯಾವ ಕಾರಣಕ್ಕೂ ಇನ್ಸುಲಿನ್ ನಿಲ್ಲಿಸಬೇಡಿ.