ಲಿಂಫ್ಯಾಟಿಕ್ ಡ್ರೈನೇಜ್ ಮಸಾಜ್‌ಗೆ 2,500 ರೂಪಾಯಿ ಕೊಡಬಹುದಾ?

ನೀವು ಕೇಳಿದ್ದು ಇಷ್ಟು: ಮುಂದಿನ ತಿಂಗಳು ತಂಗಿ ಮದುವೆ. ಪಾರ್ಲರ್‌ನವರು ಲಿಂಫ್ಯಾಟಿಕ್ ಡ್ರೈನೇಜ್ ಮಸಾಜ್ ಮಾಡಿಸಿಕೊಳ್ಳಿ ಅಂತಿದ್ದಾರೆ. ದೇಹದ ವಿಷವೆಲ್ಲ ಹೋಗಿ ಮುಖ ಹೊಳೆಯುತ್ತದಂತೆ, ತೂಕವೂ ಇಳಿಯುತ್ತದಂತೆ. ಒಂದು ಸಲಕ್ಕೆ 2,500 ರೂಪಾಯಿ. ಇದು ನಿಜವಾ, ಮನೆಯಲ್ಲೇ ಮಾಡಿಕೊಳ್ಳಬಹುದಾ?

ಮುಖದ ಊತ ಸ್ವಲ್ಪ ಇಳಿಯುತ್ತದೆ, ಅದೂ ಕೆಲವು ಗಂಟೆ ಮಾತ್ರ. ವಿಷ ಹೋಗುವುದು, ತೂಕ ಇಳಿಯುವುದು ಎಲ್ಲ ಸುಮ್ನೆ ಮಾತು. ಹಾಗಂತ ಈ ಮಸಾಜೇ ಸುಳ್ಳು ಅಂತ ನಾನು ಹೇಳಲಾರೆ. ನಾನು ಇದನ್ನು ಕಲಿತಿದ್ದು ಪಾರ್ಲರ್‌ನಲ್ಲಲ್ಲ, ನಮ್ಮ ಅಮ್ಮನ ಬಲಗೈಯಿಂದ.

ಅಮ್ಮನಿಗೆ ಸ್ತನ ಕ್ಯಾನ್ಸರ್ ಆಪರೇಷನ್ ಆಗಿತ್ತು. ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದರು, ರೇಡಿಯೇಷನ್ ಕೂಡ ಕೊಟ್ಟಿದ್ದರು. ಎಂಟು ತಿಂಗಳು ಎಲ್ಲ ಚೆನ್ನಾಗಿತ್ತು. ಗೌರಿ ಹಬ್ಬಕ್ಕೆ ಬಳೆ ತೊಡಿಸಿಕೊಳ್ಳಲು ಹೋದೆವು. ಎಡಗೈಗೆ 2.6 ಸೈಜು ಸಲೀಸಾಗಿ ಹೋಯಿತು. ಬಲಗೈಗೆ ಅದೇ ಸೈಜು ಹೆಬ್ಬೆರಳಿನ ಗೆಣ್ಣೇ ದಾಟಲಿಲ್ಲ. ಬಳೆಯವನು ಸೋಪು ಹಚ್ಚಿ ನೋಡಿದ, ಎರಡು ಬಳೆ ಹೆಚ್ಚಿದವು. "ದಪ್ಪ ಆಗಿದೀನಿ ಕಣೆ" ಅಂದರು ಅಮ್ಮ. ಒಂದೇ ಕೈ ದಪ್ಪ ಆಗುತ್ತಾ?

ಆಮೇಲೆ ನಾವು ಮಾಡಿದ್ದೆಲ್ಲ ತಪ್ಪು. ದೊಡ್ಡಮ್ಮ ಎಳ್ಳೆಣ್ಣೆ ಬಿಸಿ ಮಾಡಿ, ಮೊಣಕೈಯಿಂದ ಭುಜದವರೆಗೆ ಒತ್ತಿ ಒತ್ತಿ ತಿಕ್ಕಿದರು. ಪ್ರೀತಿಯಿಂದಲೇ ಮಾಡಿದ್ದು, ಆದರೆ ಮರುದಿನ ಕೈ ಇನ್ನೂ ಭಾರ. ಒಂದು ಕ್ಲಿನಿಕ್‌ನಲ್ಲಿ ಮೂತ್ರ ಜಾಸ್ತಿ ಹೋಗುವ ಮಾತ್ರೆ ಬರೆದುಕೊಟ್ಟರು. ಅಮ್ಮ ರಾತ್ರಿಯೆಲ್ಲ ಬಚ್ಚಲಿಗೆ ಓಡಾಡಿದ್ದೇ ಬಂತು, ಕೈ ಹಾಗೇ ಇತ್ತು. ಈ ಥರದ ಊತಕ್ಕೆ ಆ ಮಾತ್ರೆ ಕೆಲಸ ಮಾಡುವುದಿಲ್ಲ ಅಂತ ಗೊತ್ತಾಗಿದ್ದು ಫಿಸಿಯೋಥೆರಪಿಸ್ಟ್ ಹತ್ತಿರ ಹೋದ ಮೇಲೆ.

ಇಲ್ಲಿ ಒಂದು ವಿಷಯ ಅರ್ಥವಾದರೆ ಉಳಿದಿದ್ದೆಲ್ಲ ಸುಲಭ. ರಕ್ತ ಸಣ್ಣ ಸಣ್ಣ ನಾಳಗಳಲ್ಲಿ ಹರಿಯುವಾಗ ಅದರ ನೀರಿನಂಶ ಹೊರಗೆ ಜಿನುಗುತ್ತದೆ. ಹಾಗೆ ಜಿನುಗಿದ್ದರಲ್ಲಿ ದಿನಕ್ಕೆ ಕನಿಷ್ಠ 2-3 ಲೀಟರ್ ನೀರು ಬೇರೆ ದಾರಿಯಲ್ಲಿ ರಕ್ತಕ್ಕೆ ಮರಳಬೇಕು. ಆ ದಾರಿಯೇ ಲಿಂಫ್ ನಾಳ. ಶಾಲೆಯಲ್ಲಿ ದುಗ್ಧರಸ ಅಂತ ಓದಿದ್ದು ನೆನಪಿದೆಯಾ? ಅದೇ ಇದು. (ದುಗ್ಧ ಅಂದರೆ ಹಾಲು. ಊಟ ಆದ ಮೇಲೆ ಕರುಳಿನ ಕಡೆಯ ಲಿಂಫ್ ನಾಳಗಳು ಕೊಬ್ಬು ತುಂಬಿಕೊಂಡು ಹಾಲಿನಂತೆ ಬೆಳ್ಳಗೆ ಕಾಣುತ್ತವೆ. ಇಟಲಿಯ ಗಾಸ್ಪಾರೆ ಅಸೆಲ್ಲಿ 1622ರಲ್ಲಿ ಒಂದು ನಾಯಿಯ ಹೊಟ್ಟೆಯಲ್ಲಿ ಕಂಡಿದ್ದು ಇವನ್ನೇ. ಕೈಕಾಲಿನಲ್ಲಿ ಹರಿಯುವ ರಸಕ್ಕೆ ಅಂಥ ಬಿಳುಪಿಲ್ಲ.) ಕಾಲಿಗೆ ಗಾಯವಾದಾಗ ತೊಡೆಸಂದಿಯಲ್ಲಿ ಗಡ್ಡೆ ಕಟ್ಟುತ್ತಲ್ಲ, ಅದು ಈ ದಾರಿಯ ನಡುವೆ ಇರುವ ಗ್ರಂಥಿ. ರೋಗಾಣು ಮುಂದೆ ಹೋಗದಂತೆ ತಡೆಯುವ ಚೆಕ್‌ಪೋಸ್ಟ್ ಅಂದುಕೊಳ್ಳಿ.

ಈ ರಸವನ್ನು ತಳ್ಳಲು ಹೃದಯದಂಥ ಪಂಪ್ ಇಲ್ಲ. ನಾಳಗಳು ತಾವೇ ಸ್ವಲ್ಪ ಸ್ವಲ್ಪ ಹಿಂಡಿಕೊಳ್ಳುತ್ತವೆ. ನಾವು ನಡೆದಾಗ, ಕೈ ಆಡಿಸಿದಾಗ, ಆಳವಾಗಿ ಉಸಿರೆಳೆದಾಗ ಇನ್ನಷ್ಟು ಮುಂದಕ್ಕೆ ಹೋಗುತ್ತದೆ. ಕೊನೆಗೆ ಎಲ್ಲ ಬಂದು ಕತ್ತಿನ ಬುಡದಲ್ಲಿ, ಕಾಲರ್ ಮೂಳೆಯ ಹಿಂದೆ ಇರುವ ದೊಡ್ಡ ರಕ್ತನಾಳಕ್ಕೆ ಸೇರುತ್ತದೆ. ಅಮ್ಮನ ಕಂಕುಳಿನ ಗ್ರಂಥಿಗಳನ್ನು ತೆಗೆದಿದ್ದರಿಂದ ಬಲಗೈಯ ನೀರಿಗೆ ಇದ್ದ ಮುಖ್ಯ ದಾರಿಯೇ ಮುಚ್ಚಿತ್ತು.

ಫಿಸಿಯೋ ಮೇಡಂ ಮೊದಲ ದಿನ ಟೇಪು ಹಿಡಿದು ಎರಡೂ ಕೈಗಳನ್ನು ಹತ್ತತ್ತು ಸೆಂಟಿಮೀಟರ್‌ಗೊಮ್ಮೆ ಅಳೆದು ಬರೆದುಕೊಂಡರು. ಮೊಣಕೈ ಮೇಲೆ 4 ಸೆಂಟಿಮೀಟರ್ ವ್ಯತ್ಯಾಸ ಇತ್ತು. ಆಮೇಲೆ ಅಮ್ಮನನ್ನು ಮಲಗಿಸಿದರು. ಎಣ್ಣೆ ಇಲ್ಲ, ಕ್ರೀಮ್ ಇಲ್ಲ. ಊದಿದ ಕೈಯನ್ನು ಮೊದಲಿಗೆ ಮುಟ್ಟಲೇ ಇಲ್ಲ! ಕಾಲರ್ ಮೂಳೆಯ ಮೇಲಿನ ಗುಳಿಯಲ್ಲಿ ಎರಡು ಬೆರಳಿಟ್ಟು ಚರ್ಮವನ್ನು ಮೆಲ್ಲಗೆ ಎಳೆದು ಬಿಟ್ಟರು, ಎಳೆದು ಬಿಟ್ಟರು. ಆಮೇಲೆ ಎಡ ಕಂಕುಳು, ಎದೆಯ ಮೇಲೆ ಬಲದಿಂದ ಎಡಕ್ಕೆ, ಆಮೇಲೆ ಬಲ ಭುಜ. ಕೈಗೆ ಬರುವ ಹೊತ್ತಿಗೆ ಇಪ್ಪತ್ತು ನಿಮಿಷ ಆಗಿತ್ತು. ಅಮ್ಮ ನನ್ನ ಮುಖ ನೋಡುತ್ತಿದ್ದರು, ಸುಮ್ನೆ ಸವರೋದಕ್ಕಾ ದುಡ್ಡು ಅನ್ನುವ ಹಾಗೆ.

"ಹಾಲಿನ ಕೆನೆ ಹರಿಯದ ಹಾಗೆ ಪಕ್ಕಕ್ಕೆ ಸರಿಸ್ತೀರಲ್ಲ, ಅಷ್ಟೇ ಒತ್ತಡ" ಅಂದರು ಮೇಡಂ. ಈ ನಾಳಗಳು ಚರ್ಮದ ಕೆಳಗೇ ಇರುತ್ತವೆ, ತುಂಬ ಸೂಕ್ಷ್ಮ. ಜೋರಾಗಿ ಒತ್ತಿದರೆ ಆ ಜಾಗಕ್ಕೆ ರಕ್ತ ಜಾಸ್ತಿ ಬಂದು ನೀರೂ ಜಾಸ್ತಿ ಜಿನುಗುತ್ತದೆ. ದೊಡ್ಡಮ್ಮನ ಎಣ್ಣೆ ತಿಕ್ಕಿನ ಮಹಿಮೆ ಅದೇ. ಕೈ ಊದಿದ್ದರೆ ಕತ್ತಿನಿಂದ ಯಾಕೆ ಶುರು ಮಾಡ್ತೀರಿ ಅಂತ ನಾನು ಕೇಳಿದೆ. ಅವರು ಬಾಯಿ ತೆರೆಯುವ ಮೊದಲೇ ಅಮ್ಮ ಹೇಳಿದರು: "ಮುಂದಿನ ಗದ್ದೆ ತೂಬು ತೆಗೀದೆ ಹಿಂದಿಂದ ನೀರು ತಳ್ಳಿದ್ರೆ ಬದು ಒಡೆಯುತ್ತೆ." ಮಂಡ್ಯ ಕಡೆಯ ನಾಲೆ ನೀರು ನೋಡಿ ಬೆಳೆದವರು, ಇದನ್ನು ಅವರಿಗೆ ಯಾರೂ ವಿವರಿಸಬೇಕಾಗಲಿಲ್ಲ.

ಮಸಾಜ್ ಒಂದರಿಂದಲೇ ಕೈ ಇಳಿಯಿತು ಅಂದುಕೊಳ್ಳಬೇಡಿ. ಅದಾದ ಮೇಲೆ ಬೆರಳಿನಿಂದ ಕಂಕುಳಿನವರೆಗೆ ಹತ್ತಿ ಪದರ ಸುತ್ತಿ, ಅದರ ಮೇಲೆ ಜಾಸ್ತಿ ಹಿಗ್ಗದ ಬ್ಯಾಂಡೇಜ್ ಕಟ್ಟುತ್ತಿದ್ದರು. ಉಳುಕಿದರೆ ಸುತ್ತುವ ಕ್ರೇಪ್ ಬ್ಯಾಂಡೇಜ್ ಅಲ್ಲ, ಅದು ಬೇರೆ. ಕಟ್ಟಿದ ಕೈಯಲ್ಲೇ ವ್ಯಾಯಾಮ, ಕಟ್ಟಿದ ಕೈಯಲ್ಲೇ ನಿದ್ದೆ. ಏಪ್ರಿಲ್ ಸೆಕೆಯಲ್ಲಿ ಅದು ಸಣ್ಣ ಶಿಕ್ಷೆಯಲ್ಲ. ಮೂರು ವಾರದಲ್ಲಿ 4 ಇದ್ದಿದ್ದು ಎರಡೂವರೆಗೆ ಬಂತು. ಸ್ತನ ಕ್ಯಾನ್ಸರ್ ನಂತರದ ಕೈ ಊತದ ಬಗ್ಗೆ 2015ರಲ್ಲಿ ಬಂದ ಕಾಕ್ರೇನ್ ವಿಮರ್ಶೆಯೂ (ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ವರದಿ) ಇದೇ ಮಾತು ಹೇಳುತ್ತದೆ. ಬ್ಯಾಂಡೇಜ್ ಒಂದರಿಂದಲೇ ಊತ ಶೇಕಡ 30ಕ್ಕಿಂತ ಜಾಸ್ತಿ ಇಳಿದಿತ್ತು, ಮಸಾಜ್ ಸೇರಿಸಿದಾಗ ಇನ್ನೊಂದು 7ರಷ್ಟು ಮಾತ್ರ. ಅಂದರೆ ಉಪಯೋಗ ಇದೆ, ಆದರೆ ಭಾರ ಹೊರುವುದು ಬ್ಯಾಂಡೇಜು.

ಆನೆಕಾಲು ರೋಗದಲ್ಲೂ ಇದೇ ಕಥೆ, ಅಲ್ಲಿ ದಾರಿ ಕೆಡಿಸುವುದು ಸೊಳ್ಳೆಯಿಂದ ಬಂದ ಹುಳು. ನಮ್ಮ ಕಲಬುರಗಿ, ಯಾದಗಿರಿ ಕಡೆ ಮತ್ತು ಕರಾವಳಿಯಲ್ಲಿ ಇದರಿಂದ ನರಳಿದವರು ಬಹಳ. ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯಲ್ಲಿ ಬ್ಯಾಂಡೇಜ್, ಆಯುರ್ವೇದ, ಯೋಗ ಸೇರಿಸಿ ಇಂಥ ಕಾಲುಗಳಿಗೆ ಚಿಕಿತ್ಸೆ ಕೊಡುತ್ತಾರೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಆ ತೊಂದರೆ ಇದ್ದರೆ ನೆನಪಿಟ್ಟುಕೊಳ್ಳಿ.

 ಈ ಮಸಾಜ್ ವಿಧಾನವನ್ನು ಹುಟ್ಟುಹಾಕಿದ ಡೆನ್ಮಾರ್ಕ್‌ನ ಎಮಿಲ್ ವೋಡರ್ ಮತ್ತು ಅವರ ಹೆಂಡತಿ ಎಸ್ಟ್ರಿಡ್ ಫ್ರಾನ್ಸ್‌ನ ಕಾನ್ ಊರಲ್ಲಿ ಮಸಾಜ್ ಮಾಡುತ್ತಿದ್ದವರು. ನೆಗಡಿ ಬಿಡದೆ ಕತ್ತಿನ ಗ್ರಂಥಿ ಊದಿಕೊಂಡು ಬರುವವರ ಮೇಲೆ ಮಾಡಿ ನೋಡಿ, 1936ರಲ್ಲಿ ಪ್ಯಾರಿಸ್‌ನಲ್ಲಿ ಜನರ ಮುಂದಿಟ್ಟರು. ಇನ್ನು ಚರ್ಮದ ವಿಷಯ.

ಅತ್ತಿಗೆಯ ತಮ್ಮನ ಮದುವೆ ಮುಂಚೆ ನಾನೂ ಒಂದು ಕಡೆ ಮುಖಕ್ಕೆ ಮಾಡಿಸಿದೆ, ಅಮ್ಮನ ಕೈ ನೋಡಿದ ಮೇಲೂ! ಆ ಹುಡುಗಿ ನೇರ ಕೆನ್ನೆಗೆ ಎಣ್ಣೆ ಹಾಕಿ, ಕಲ್ಲಿನ ರೋಲರ್‌ನಿಂದ ದವಡೆ ಕೆಂಪಾಗುವವರೆಗೆ ಉಜ್ಜಿದಳು. ಅದು ಲಿಂಫ್ಯಾಟಿಕ್ ಡ್ರೈನೇಜ್ ಅಲ್ಲ, ಹೆಸರು ಬದಲಾಯಿಸಿದ ಫೇಷಿಯಲ್. ಮೊಡವೆ ಇದ್ದವರಿಗೆ ಅಂಥ ಉಜ್ಜಾಟದಿಂದ ಇನ್ನೂ ಕೆಡುತ್ತದೆ. ಸರಿಯಾಗಿ ಮಾಡಿದರೆ ಬೆಳಗಿನ ಕಣ್ಣು ಊತ ಇಳಿಯುತ್ತದೆ, ದವಡೆಯ ಗೆರೆ ಕಾಣುತ್ತದೆ. ಸಂಜೆ ಉಪ್ಪಿನಕಾಯಿ, ಹಪ್ಪಳ ತಿಂದು, ತಡವಾಗಿ ಮಲಗಿ ಎದ್ದರೆ ಮುಖ ಮತ್ತೆ ಮೊದಲಿನಂತೆ. ಬಂಗು, ಕಲೆ, ಸುಕ್ಕಿಗೆ ಇದು ಮದ್ದಲ್ಲ. ಕೊಬ್ಬನ್ನು ಕರಗಿಸುವುದಿಲ್ಲ. ತೂಕದ ಮೆಷಿನ್‌ನಲ್ಲಿ ಏನಾದರೂ ಕಡಿಮೆ ಕಂಡರೆ ಅದು ನೀರು. ವಿಷ ತೆಗೆಯುವ ಕೆಲಸ ಲಿವರ್ ಮತ್ತು ಕಿಡ್ನಿಯದ್ದು, ಅವು ಪಾರ್ಲರ್‌ಗೆ ಕಾಯುವುದಿಲ್ಲ.

ಕೆಲವರು ಮಾಡಿಸಲೇಬಾರದು. ಕೈಯೋ ಕಾಲೋ ಕೆಂಪಾಗಿ ಬಿಸಿಯಾಗಿ ಜ್ವರ ಇದ್ದರೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ, ಹೃದಯ ಅಥವಾ ಕಿಡ್ನಿ ಸರಿಯಾಗಿ ಕೆಲಸ ಮಾಡದಿದ್ದರೆ ಬೇಡ. ಕ್ಯಾನ್ಸರ್ ಚಿಕಿತ್ಸೆ ನಡೀತಿದ್ದರೆ ಮೊದಲು ಡಾಕ್ಟರನ್ನು ಕೇಳಿ. ನಿಮ್ಮ ಮುಖ ದಿನವಿಡೀ ಊದಿರುತ್ತಾ, ಪಾದ ಒತ್ತಿದರೆ ಗುಳಿ ಬೀಳುತ್ತಾ? ಹಾಗಿದ್ದರೆ ಆ ದುಡ್ಡಲ್ಲಿ ಮೂತ್ರ, ಥೈರಾಯ್ಡ್ ಪರೀಕ್ಷೆ ಮಾಡಿಸಿ.

ಅಂಥದ್ದೇನೂ ಇಲ್ಲ ಅಂದರೆ ಮನೆಯಲ್ಲೇ ಮಾಡಿಕೊಳ್ಳಿ, ಹತ್ತು ನಿಮಿಷ ಸಾಕು. ಮೊದಲು ನಾಲ್ಕೈದು ಸಲ ಹೊಟ್ಟೆ ತುಂಬ ಉಸಿರು. ಆಮೇಲೆ ಕಾಲರ್ ಮೂಳೆಯ ಮೇಲಿನ ಗುಳಿ, ಕತ್ತಿನ ಪಕ್ಕ ಮೇಲಿಂದ ಕೆಳಕ್ಕೆ, ಕಿವಿಯ ಕೆಳಗೆ. ಅದಾದ ಮೇಲೇ ಕೆನ್ನೆ, ಕೊನೆಗೆ ಕಣ್ಣ ಕೆಳಗೆ ಮೂಗಿನ ಕಡೆಯಿಂದ ಕಿವಿಯ ಕಡೆಗೆ. ಒಂದೊಂದು ಕಡೆ ಐದಾರು ಸಲ. ಬೆರಳು ಚರ್ಮದ ಮೇಲೆ ಜಾರಬಾರದು, ಚರ್ಮವೇ ಬೆರಳಿನ ಜೊತೆ ಸ್ವಲ್ಪ ಸರಿಯಬೇಕು. ಕತ್ತಿನ ಎರಡೂ ಪಕ್ಕ ಒಟ್ಟಿಗೆ ಒತ್ತಬೇಡಿ, ತಲೆ ಸುತ್ತಬಹುದು. ಮದುವೆ ದಿನ ಬೆಳಿಗ್ಗೆ ಮೇಕಪ್‌ಗೆ ಮುಂಚೆ ಮಾಡಿಕೊಂಡರೆ ಮುಹೂರ್ತದ ಫೋಟೋಗೆ ಸಾಕಾಗುವಷ್ಟು ಹೊತ್ತು ನಿಲ್ಲುತ್ತದೆ.

ಪಾರ್ಲರ್‌ಗೇ ಹೋಗಬೇಕು ಅಂತ ಆಸೆ ಇದ್ದರೆ, ದುಡ್ಡು ಕೊಡುವ ಮುಂಚೆ ಎಲ್ಲಿಂದ ಶುರು ಮಾಡ್ತೀರಿ ಅಂತ ಒಂದು ಮಾತು ಕೇಳಿ. ಕತ್ತಿನ ಬುಡದಿಂದ ಅಂದರೆ ಕೂತುಕೊಳ್ಳಿ. ಕೆನ್ನೆಯಿಂದ ಅಂದರೆ ಎದ್ದು ಬನ್ನಿ.