ಕೈಚಳಕ ಇದ್ದರೆ ಸಾಕೆ?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ದುಡಿಮೆಯಲ್ಲಿ ಬಹುಕಾಲ ನಿಲ್ಲುವವರು ಯಾರು, ಪ್ರತಿಭೆ ಇದ್ದವರೋ ನಡತೆ ಇದ್ದವರೋ? ಹಿಂದಿನ ಸಂಚಿಕೆಯಲ್ಲಿ ಈ ವಿಷಯಕ್ಕೆ ಪ್ರಶ್ನೆಗಳನ್ನು ಕೇಳಿದ್ದೆವು. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಐದನ್ನು ಆರಿಸಿದ್ದೇವೆ.

ಪ್ರಶ್ನೆ: ನಮ್ಮದು ಬೆಣ್ಣೆದೋಸೆ ಹೋಟೆಲ್. ಇಬ್ಬರು ದೋಸೆ ಹಾಕುತ್ತಾರೆ. ಒಬ್ಬನ ಕೈರುಚಿಗೆ ಗಿರಾಕಿಗಳು ಹುಡುಕಿಕೊಂಡು ಬರುತ್ತಾರೆ. ಆದರೆ ಹೇಳದೆ ಕೇಳದೆ ರಜೆ ಹಾಕುತ್ತಾನೆ, ತಟ್ಟೆ ತೊಳೆಯುವ ಹುಡುಗರ ಮೇಲೆ ರೇಗುತ್ತಾನೆ, ಬೆಣ್ಣೆಯ ಲೆಕ್ಕ ಕೇಳಿದರೆ ಮುಖ ಊದಿಸುತ್ತಾನೆ. ಇನ್ನೊಬ್ಬನ ದೋಸೆ ಸಾಧಾರಣ, ಆದರೆ ಐದು ಗಂಟೆ ಅಂದರೆ ಐದಕ್ಕೆ ಒಲೆ ಹಚ್ಚಿರುತ್ತಾನೆ. ಹರಿಹರದಲ್ಲಿ ಇನ್ನೊಂದು ಹೋಟೆಲ್ ತೆರೆಯುವವರಿದ್ದೇವೆ. ಯಾರ ಕೈಗೆ ಕೊಡೋಣ?
— ಹೋಟೆಲ್ ಮಾಲೀಕರು, ದಾವಣಗೆರೆ

ಉತ್ತರ: ಎರಡನೆಯವರ ಕೈಗೆ ಕೊಡಿ. ದೋಸೆಯ ರುಚಿಯಲ್ಲಿ ಬಹುಪಾಲು ಅಳತೆಗೆ ಸಿಗುತ್ತದೆ, ಬರೆದಿಡಬಹುದು, ಕಲಿಸಬಹುದು. ಮಾಲೀಕರು ಎದುರಿಗಿಲ್ಲದಾಗ ಗಲ್ಲಾ ಪೆಟ್ಟಿಗೆಯ ಮುಂದೆ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಅಷ್ಟು ಬೇಗ ಕಲಿಸಲಾಗದು.

ಮೊದಲು ಒಳ್ಳೆಯ ಕೈಯವನ ಕೆಲಸವನ್ನು ತಕ್ಕಡಿಗೆ ಹಾಕಿ. ಅವನು ಕಣ್ಣಳತೆಯಲ್ಲಿ ಸುರಿಯುವುದನ್ನೆಲ್ಲ ಒಂದು ವಾರ ತೂಗಿ ಬರೆಯಿರಿ. 4 ಕೆ.ಜಿ. ದೋಸೆ ಅಕ್ಕಿಗೆ 1 ಕೆ.ಜಿ. ಉದ್ದಿನಬೇಳೆ, ಅರ್ಧ ಕೆ.ಜಿ. ಒಳಗೆ ಮಂಡಕ್ಕಿ, ಸುಮಾರು 20 ಗ್ರಾಂ ಮೆಂತ್ಯ ಎಂದು ಹಿಡಿದು ಶುರು ಮಾಡಿ ನಿಮ್ಮ ರುಚಿಗೆ ತಿದ್ದಿಕೊಳ್ಳಬಹುದು. ಅಕ್ಕಿ, ಬೇಳೆ 4–5 ಗಂಟೆ ನೆನೆಯಲಿ. ಮಂಡಕ್ಕಿ ರುಬ್ಬುವ ಹತ್ತು ನಿಮಿಷ ಮುಂಚೆ ನೆನೆದರೆ ಸಾಕು. ಏಪ್ರಿಲ್–ಮೇ ತಿಂಗಳ ನಮ್ಮೂರ ಸೆಖೆಯಲ್ಲಿ ಹಿಟ್ಟು 6–7 ಗಂಟೆಗೆ ಹುದುಗು ಬರುತ್ತದೆ, ಡಿಸೆಂಬರ್ ಚಳಿಯಲ್ಲಿ 10–12 ಗಂಟೆ ಬೇಕು. ಹುದುಗು ಮೀರಿದರೆ ಹುಳಿಯಾಗುತ್ತದೆ, ದೋಸೆಗೆ ಬಣ್ಣವೂ ಬರುವುದಿಲ್ಲ. ಕಾವಲಿ ವಿಪರೀತ ಕಾದಿದ್ದರೆ ಹಿಟ್ಟು ಹರಡುವ ಮೊದಲೇ ಸೌಟಿಗೆ ಎದ್ದು ಬರುತ್ತದೆ. ಆಗ ನೀರು ಚಿಮುಕಿಸಿ ಒರೆಸಿ, ಸೌದೆ ಹಿಂದಕ್ಕೆಳೆಯಬೇಕು. ಇಷ್ಟು ಬರೆದುಕೊಟ್ಟರೆ ಎರಡನೆಯವರ ದೋಸೆ ಎರಡು ತಿಂಗಳಲ್ಲಿ ಮೇಲೆ ಬರುತ್ತದೆ. ಕೊನೆಯ ಒಂದು ಚೂರು ಹದ ಮೊದಲನೆಯವನ ಕೈಯಲ್ಲೇ ಉಳಿಯಬಹುದು. ಅದರಿಂದ ಹೋಟೆಲ್ ಮುಳುಗುವುದಿಲ್ಲ.

ಬೆಣ್ಣೆಯ ವಿಷಯಕ್ಕೆ ಬರೋಣ, ಮುಖ್ಯವಾದದ್ದು ಅಲ್ಲೇ ಇದೆ. ಒಂದು ದೋಸೆಗೆ 15 ಗ್ರಾಂ ಎಂದು ನಿಗದಿ ಮಾಡಿದ್ದರೆ 400 ದೋಸೆಗೆ 6 ಕೆ.ಜಿ. ಬೇಕು. ಬೆಳಗಿನ ಉಳಿಕೆಗೆ ಖರೀದಿ ಕೂಡಿಸಿ, ರಾತ್ರಿಯ ಉಳಿಕೆ ಕಳೆದರೆ ಆ ದಿನದ ಖರ್ಚು ಸಿಗುತ್ತದೆ. 6.2 ಬಂದರೆ ಕೈತಪ್ಪು ಎನ್ನಿ. 7 ಬಂದರೆ ಎಲ್ಲಿಗೋ ಹೋಗುತ್ತಿದೆ. 5 ಬಂದರೆ ಖುಷಿಪಡಬೇಡಿ: ಗಿರಾಕಿಗೆ ಕಡಿಮೆ ಬೀಳುತ್ತಿದೆ, ಇಲ್ಲವೇ ಅಗ್ಗದ ಜಿಡ್ಡು ಬೆರೆಯುತ್ತಿದೆ. ಬೆಣ್ಣೆದೋಸೆಯ ಊರಿನಲ್ಲಿ ಇದು ನಾಲಿಗೆಗೆ ಗೊತ್ತಾಗಲು ಹೆಚ್ಚು ದಿನ ಬೇಕಿಲ್ಲ. ಈ ಲೆಕ್ಕವನ್ನು ಇಬ್ಬರಿಂದಲೂ ಬರೆಸಿ, ಒಬ್ಬನ ಮೇಲೆ ಮಾತ್ರ ಅನುಮಾನವೆಂದು ಕಾಣಬಾರದು.

ಜವಾಬ್ದಾರಿಯನ್ನು ಒಂದೇ ದಿನ ಕೊಡಬೇಡಿ. ಮೊದಲ ಹದಿನೈದು ದಿನ ತರಕಾರಿ, ಸೌದೆ ಖರೀದಿಯ ಹಣ ಕೊಡಿ. ಆಮೇಲೆ ಗಲ್ಲಾ. ಅದಾದ ಮೇಲೆ ಹುಡುಗರನ್ನು ಸೇರಿಸಿಕೊಳ್ಳುವ ಅಧಿಕಾರ. ಈ ಅವಧಿಯಲ್ಲಿ ನೋಡಬೇಕಾದ್ದು ಕೆಟ್ಟ ಸುದ್ದಿ ನಿಮಗೆ ಹೇಗೆ ತಲುಪುತ್ತದೆ ಎಂಬುದನ್ನು. ಹಿಟ್ಟು ಕೆಟ್ಟದ್ದು, ಸಾಲದ ಗಿರಾಕಿ ತಪ್ಪಿಸಿಕೊಂಡದ್ದು, ಎಣಿಕೆಯಲ್ಲಿ ನೂರು ರೂಪಾಯಿ ಹೋದದ್ದು ಅವರ ಬಾಯಿಂದ ಅಂದೇ ಬರಬೇಕು. ಗಲ್ಲಾ ಎಣಿಕೆಯಲ್ಲಿ ಆಗಾಗ ಹತ್ತಿಪ್ಪತ್ತು ರೂಪಾಯಿ ಹೆಚ್ಚುಕಡಿಮೆ ಬರುವುದು ಸಹಜ. ತಿಂಗಳಿಡೀ ಒಂದು ರೂಪಾಯಿಯೂ ವ್ಯತ್ಯಾಸವಿಲ್ಲದೆ ತಾಳೆಯಾದರೆ ಬಿಲ್ ಪುಸ್ತಕವನ್ನೊಮ್ಮೆ ತೆಗೆದು ನೋಡಿ.

ಮೊದಲನೆಯವನನ್ನು ಬಿಡಬೇಡಿ, ಅವಮಾನವನ್ನೂ ಮಾಡಬೇಡಿ. ಅವನ ಕೈಗೆ ತಕ್ಕ ಸಂಬಳ ಕೊಡಿ, ಹೊಸಬರಿಗೆ ಕಲಿಸಿದರೆ ಭತ್ಯೆ ಕೊಡಿ. ರಜೆ ಬೇಕಿದ್ದರೆ ಹಿಂದಿನ ಸಂಜೆಯೊಳಗೆ ತಿಳಿಸಬೇಕು ಎಂಬ ನಿಯಮ ಬರಹದಲ್ಲಿರಲಿ. ಒಬ್ಬ ಹುಡುಗ ಸದಾ ಅವನ ಪಕ್ಕದಲ್ಲಿ ನಿಂತು ಕಲಿಯುತ್ತಿರಲಿ. ಕೆಲಸ ಬಲ್ಲವನನ್ನು ಮೇಲ್ವಿಚಾರಕನನ್ನಾಗಿ ಮಾಡಿ, ಒಳ್ಳೆಯ ಕೆಲಸಗಾರನನ್ನೂ ಕಳೆದುಕೊಂಡು ಕೆಟ್ಟ ಮೇಲ್ವಿಚಾರಕನನ್ನೂ ಪಡೆಯುವ ತಪ್ಪು ಎಲ್ಲ ಊರಲ್ಲೂ ನಡೆಯುತ್ತದೆ.

ಪ್ರಶ್ನೆ: ನಡತೆ ಹುಟ್ಟಿನಿಂದ ಬರುವುದಲ್ಲವೇ? ಮೂವತ್ತು ದಾಟಿದವರು ಬದಲಾಗುತ್ತಾರೆಯೇ?
— ಓದುಗರು, ಹೊಳಲ್ಕೆರೆ

ಉತ್ತರ: ಬದಲಾಗುತ್ತಾರೆ. ಒಂದೇ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ 92 ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಮನಶ್ಶಾಸ್ತ್ರಜ್ಞರು ನೋಡಿದಾಗ, ಹೊಣೆಯರಿತು ನಡೆಯುವ ಗುಣ ವಯಸ್ಸಿನೊಂದಿಗೆ ಹೆಚ್ಚುವುದು ಕಂಡುಬಂತು. ಅದರಲ್ಲೂ 20ರಿಂದ 40ರ ನಡುವೆ. ಹುಟ್ಟಿನ ಪಾಲೂ ಇದೆ, ಇಲ್ಲವೆನ್ನಲಾಗದು. ಆದರೆ ಸಂಸಾರ, ಕೆಲಸ, ಕೈಕೆಳಗಿನವರ ಹೊರೆ ಬಿದ್ದಾಗ ಮನುಷ್ಯ ತಿದ್ದಿಕೊಳ್ಳುತ್ತಾನೆ. ಆದ್ದರಿಂದ ಹೊಣೆ ಕೊಡದೆ "ಅವನಿಗೆ ಹೊಣೆಯಿಲ್ಲ" ಎಂದು ದೂರುವುದು ಸರಿಯಲ್ಲ.

ಪ್ರಶ್ನೆ: ಮಗ ಪಿಯುಸಿ, ನೀಟ್‌ಗೆ ಓದುತ್ತಿದ್ದಾನೆ. ಚಿಕ್ಕಂದಿನಿಂದ ಚುರುಕು, ಎಲ್ಲರೂ ಹೊಗಳಿದವರೇ. ಯಾವುದನ್ನೂ ಒಂದು ತಿಂಗಳಿಗಿಂತ ಹೆಚ್ಚು ಹಿಡಿಯುವುದಿಲ್ಲ. ಈಗ ಟೆಸ್ಟಿನ ಅಂಕ ಮುಚ್ಚಿಡಲು ಶುರು ಮಾಡಿದ್ದಾನೆ. ಏನು ಮಾಡಲಿ?
— ತಾಯಿ, ವಿದ್ಯಾನಗರ, ದಾವಣಗೆರೆ

ಉತ್ತರ: ಅಮ್ಮಾ, ಅಂಕ ಕಡಿಮೆಯಾದದ್ದಕ್ಕಿಂತ ಮುಚ್ಚಿಟ್ಟದ್ದನ್ನು ಮೊದಲು ಸರಿಮಾಡಬೇಕು. ಅವನು ತಾನಾಗಿ ಕಡಿಮೆ ಅಂಕ ಹೇಳಿದ ದಿನ ಬೈಯಬೇಡಿ, ಪಕ್ಕದ ಮನೆಯವರ ಮಗಳ ಹೆಸರು ಎತ್ತಬೇಡಿ. ನಿಜ ಹೇಳಿದಾಗಲೇ ಬೈಗುಳ ಬಿದ್ದರೆ ಮುಂದಿನ ಸಲ ಸುಳ್ಳೇ ಸುಲಭವೆನಿಸುತ್ತದೆ. "ಹೇಳಿದ್ದು ಒಳ್ಳೇದಾಯ್ತು, ಪೇಪರ್ ತೊಗೊಂಡ್ ಬಾ" ಅಂದರೆ ಸಾಕು.

ಆ ಪೇಪರಿನಿಂದ ತಪ್ಪುಗಳ ಪುಸ್ತಕ ಶುರುವಾಗಲಿ. ತಪ್ಪಾದ ಪ್ರತಿ ಪ್ರಶ್ನೆಯನ್ನು ಮೂರರಲ್ಲಿ ಒಂದು ಸಾಲಿಗೆ ಸೇರಿಸಬೇಕು: ಗೊತ್ತೇ ಇರಲಿಲ್ಲ; ಗೊತ್ತಿತ್ತು, ಆದರೆ ಅವಸರ ಮಾಡಿದೆ; ಪ್ರಶ್ನೆ ಸರಿಯಾಗಿ ಓದಲಿಲ್ಲ. ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ. ಸರಿಯುತ್ತರಕ್ಕೆ 4, ತಪ್ಪಿಗೆ 1 ಕಡಿತ. ಗೊತ್ತಿದ್ದ ಉತ್ತರವನ್ನು ಅವಸರದಲ್ಲಿ ತಪ್ಪಿಸಿದರೆ ಬರಬೇಕಿದ್ದ 4 ಹೋಗುತ್ತದೆ, ಮೇಲೆ 1 ಕೈಬಿಡುತ್ತದೆ. ಅಂಥವು ಹತ್ತಾದರೆ 50 ಅಂಕ. ಚುರುಕಾದ ಮಕ್ಕಳು ಸೋಲುವುದು ಹೆಚ್ಚಾಗಿ ಎರಡನೇ, ಮೂರನೇ ಸಾಲಿನಲ್ಲಿ. ಅದಕ್ಕೆ ಇನ್ನೊಂದು ಕೋಚಿಂಗ್ ಪರಿಹಾರವಲ್ಲ, ತಾಳ್ಮೆ ಪರಿಹಾರ. ಪುಸ್ತಕವನ್ನು ಪ್ರತಿ ಭಾನುವಾರ ಅವನೇ ತಿರುವಿಹಾಕಲಿ.

ಹಿಡಿದದ್ದನ್ನು ಬಿಡುವ ಅಭ್ಯಾಸಕ್ಕೆ: ದಿನವೂ ಒಂದೇ ಹೊತ್ತು, ಒಂದೇ ಜಾಗ, 40 ನಿಮಿಷ, ಮೊಬೈಲ್ ಬೇರೆ ಕೋಣೆಯಲ್ಲಿ. ಮೂರು ವಾರ ಅದನ್ನು ಹೆಚ್ಚಿಸಬೇಡಿ. ಮೊದಲ ದಿನವೇ ಐದು ಗಂಟೆಯ ವೇಳಾಪಟ್ಟಿ ಬರೆದವರು ಎರಡನೇ ವಾರಕ್ಕೆ ಕೈಬಿಡುತ್ತಾರೆ. ಒಂದು ದಿನ ತಪ್ಪಿದರೆ ಮರುದಿನ ಅದೇ 40 ನಿಮಿಷಕ್ಕೆ ಕೂರಬೇಕು. ಹಿಂದಿನ ಬಾಕಿ ಸೇರಿಸಿ 80 ಮಾಡಿದರೆ ಮೂರನೇ ದಿನವೂ ತಪ್ಪುತ್ತದೆ.

ಈ ಬಗ್ಗೆ ಸಂಶೋಧನೆ ಏನನ್ನುತ್ತದೆ ಎಂದು ಹಲವರು ಕೇಳಿದ್ದೀರಿ. ಅಮೆರಿಕದ ಎಂಟನೇ ತರಗತಿ ಮಕ್ಕಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವರ್ಷದ ಕೊನೆಯ ಅಂಕಗಳನ್ನು ಮುಂಚಿತವಾಗಿ ಊಹಿಸಲು ಬುದ್ಧಿಮತ್ತೆಗಿಂತ ಸ್ವಯಂಶಿಸ್ತು ಹೆಚ್ಚು ನೆರವಾಯಿತು. ಅಲ್ಲಿನ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ಹತ್ತು ಸಾವಿರಕ್ಕೂ ಹೆಚ್ಚು ಕೆಡೆಟ್‌ಗಳನ್ನು ನೋಡಿದ 2019ರ ಅಧ್ಯಯನದ ಫಲಿತಾಂಶ ಇನ್ನೂ ಸೂಕ್ಷ್ಮವಾಗಿದೆ: ಮೊದಲ ಬೇಸಿಗೆಯ ಕಠಿಣ ತರಬೇತಿಯಲ್ಲಿ ಓಡಿಹೋಗದೆ ಉಳಿಯುವವರು ಯಾರೆಂದು ಹಟ ಬಿಡದ ಗುಣ ಚೆನ್ನಾಗಿ ತಿಳಿಸಿತು, ಪಾಠದ ಅಂಕಗಳನ್ನು ಬುದ್ಧಿಮತ್ತೆಯೇ ಚೆನ್ನಾಗಿ ತಿಳಿಸಿತು. ಅಂದರೆ ಪ್ರತಿಭೆಗೆ ಬೆಲೆಯಿಲ್ಲ ಎಂದು ಮಗನಿಗೆ ಹೇಳಬೇಡಿ, ಅದು ಸುಳ್ಳು. ಕೊನೆಯವರೆಗೆ ಕಣದಲ್ಲಿ ಉಳಿದವರಿಗೆ ಮಾತ್ರ ಅದು ಫಲ ಕೊಡುತ್ತದೆ ಎಂದು ಹೇಳಿ. ಉದಾಹರಣೆ ಬೇಕಿದ್ದರೆ ನಮ್ಮೂರಿನವರೇ ಆದ ಆರ್. ವಿನಯ್ ಕುಮಾರ್ ಇದ್ದಾರೆ. 'ದಾವಣಗೆರೆ ಎಕ್ಸ್‌ಪ್ರೆಸ್' ಎಂದು ಕರೆಸಿಕೊಂಡರೂ ಅವರದು ಬ್ಯಾಟ್ಸ್‌ಮನ್ನರನ್ನು ಹೆದರಿಸುವ ವೇಗವಲ್ಲ. ಒಂದೇ ಜಾಗಕ್ಕೆ ಚೆಂಡು ಹಾಕುತ್ತಲೇ ಹೋಗುವ ಶಿಸ್ತಿನಲ್ಲಿ ಪ್ರಥಮ ದರ್ಜೆಯಲ್ಲಿ 500ಕ್ಕೂ ಹೆಚ್ಚು ವಿಕೆಟ್ ಪಡೆದರು. 2013–14 ಮತ್ತು 2014–15ರಲ್ಲಿ ಕರ್ನಾಟಕ ಸತತವಾಗಿ ರಣಜಿ ಟ್ರೋಫಿ ಗೆದ್ದಾಗ ನಾಯಕರೂ ಅವರೇ.

ಪ್ರಶ್ನೆ: ಎಪಿಎಂಸಿಯಲ್ಲಿ ಮೆಕ್ಕೆಜೋಳ ಖರೀದಿ ಮಾಡುತ್ತೇನೆ. ಕಾಳು ನೋಡಿ ಬೆಲೆ ಕಟ್ಟುವುದರಲ್ಲಿ ನನಗೆ ಅನುಭವವಿದೆ. ಆದರೆ ತೂಕದಲ್ಲಿ, ತೇವಾಂಶದಲ್ಲಿ ಕೈಯಾಡಿಸುವವರೇ ಮುಂದೆ ಹೋಗುತ್ತಿದ್ದಾರೆ. ಪ್ರಾಮಾಣಿಕತೆ ನಷ್ಟದ ಬಾಬ್ತೇ?
— ವ್ಯಾಪಾರಿ, ದಾವಣಗೆರೆ

ಉತ್ತರ: ಒಂದು ಸುಗ್ಗಿಯ ಲೆಕ್ಕ ಹಾಕಿದರೆ ಅವರೇ ಗೆಲ್ಲಬಹುದು. ಆದರೆ ಜಗಳೂರು, ಹೊನ್ನಾಳಿ ಕಡೆಯ ರೈತರು ಮುಂದಿನ ವರ್ಷವೂ ಮಾಲು ತರುತ್ತಾರೆ. ಯಾವ ಅಂಗಡಿಯ ಮುಂದೆ ಗಾಡಿ ನಿಲ್ಲಿಸಬೇಕೆಂದು ಊರಿನ ಕಟ್ಟೆಯ ಮೇಲೆ ಮೊದಲೇ ತೀರ್ಮಾನವಾಗಿರುತ್ತದೆ. ನಿಮ್ಮ ಮನಸ್ಸಿನ ಪ್ರಾಮಾಣಿಕತೆ ರೈತರಿಗೆ ಕಾಣುವುದಿಲ್ಲ, ಅದನ್ನು ಕಣ್ಣಿಗೆ ಕಾಣುವಂತೆ ಮಾಡಬೇಕು. ಒಳ್ಳೆಯ ವ್ಯಾಪಾರಿಗಳು ಹಿಂದೆ ಬೀಳುವುದು ಹೆಚ್ಚಾಗಿ ಇಲ್ಲೇ.

ತೇವಾಂಶದ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ಹಾಕಿ. ನೂರು ಕೆ.ಜಿ. ಜೋಳದಲ್ಲಿ ಶೇ. 18 ತೇವ ಇದ್ದರೆ ಒಣ ಅಂಶ 82 ಕೆ.ಜಿ. ಅದನ್ನು ಶೇ. 14ಕ್ಕೆ ಒಣಗಿಸಿದಾಗ ಉಳಿಯುವ ತೂಕ 82 ಭಾಗಿಸು 0.86, ಅಂದರೆ 95.35 ಕೆ.ಜಿ. ಕಡಿತವಾಗಬೇಕಾದ್ದು 4.65 ಕೆ.ಜಿ. ರೈತರು ಹದಿನೆಂಟರಲ್ಲಿ ಹದಿನಾಲ್ಕು ಕಳೆದು ನಾಲ್ಕೇ ಎಂದು ತಿಳಿದಿರುತ್ತಾರೆ, ಕೆಲವು ಕಡೆ ವ್ಯಾಪಾರಿಗಳು ಆರು ಏಳು ಹಿಡಿಯುತ್ತಾರೆ, ಜಗಳ ಹುಟ್ಟುವುದು ಈ ನಡುವಿನಲ್ಲಿ. ಲೆಕ್ಕ ಗೋಡೆಯ ಮೇಲಿದ್ದರೆ ನಿಮ್ಮ 4.65ನ್ನು ಯಾರೂ ಮೋಸ ಎನ್ನುವುದಿಲ್ಲ. ಒಣಗಿಸುವ ಕೂಲಿ ಹಿಡಿಯುವುದಿದ್ದರೆ ಬೇರೆ ಸಾಲಿನಲ್ಲಿ ತೋರಿಸಿ, ತೂಕದೊಳಗೆ ಅಡಗಿಸಬೇಡಿ.

ತೇವಾಂಶ ಅಳೆಯುವ ಮೀಟರಿಗೆ ಕಾಳು ಚೀಲದ ಬಾಯಿಂದ ಮಾತ್ರ ತೆಗೆಯಬಾರದು. ಮೇಲೆ, ನಡುವೆ, ತಳ, ಮೂರೂ ಕಡೆಯಿಂದ ತೆಗೆದು ಬೆರೆಸಿ, ಮೂರು ಸಲ ಅಳೆದು ಸರಾಸರಿ ಹಿಡಿಯಿರಿ. ಬಿಸಿಲಿನಿಂದ ಆಗಷ್ಟೇ ಬಂದ ಬಿಸಿ ಕಾಳು ತಪ್ಪು ಅಂಕಿ ತೋರಿಸಬಹುದು, ನೆರಳಿನಲ್ಲಿ ಆರಲು ಬಿಡಿ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಆಗಬೇಕು, ಆ ಪ್ರಮಾಣಪತ್ರ ರೈತರಿಗೆ ಕಾಣುವ ಕಡೆ ತೂಗುಹಾಕಿ. ಮುದ್ರೆಯಿರುವ 20 ಕೆ.ಜಿ.ಯ ತೂಕದ ಬಟ್ಟೊಂದು ಪಕ್ಕದಲ್ಲೇ ಇರಲಿ; ಅನುಮಾನ ಬಂದವರು ತಾವೇ ಎತ್ತಿಟ್ಟು ನೋಡಲಿ. ಖಾಲಿ ಚೀಲದ ತೂಕವನ್ನು ಚೀಟಿಯಲ್ಲಿ ಬರೆಯಿರಿ.

ಹಣ ಕೊಡುವ ದಿನದ ಮಾತು ತಕ್ಕಡಿಯಷ್ಟೇ ದೊಡ್ಡದು. ಹಣ ಬರುವ ಖಾತರಿಯಿಲ್ಲದೆ ಮುಂದಿನ ದಿನಾಂಕದ ಚೆಕ್ ಬರೆಯಬೇಡಿ. ಚೆಕ್ ಮರಳಿದರೆ, ಚೆಕ್ ಪಡೆದವರು ಬ್ಯಾಂಕಿನಿಂದ ಆ ಮಾಹಿತಿ ಸಿಕ್ಕ 30 ದಿನದೊಳಗೆ ನಿಮಗೆ ನೋಟಿಸ್ ಕಳಿಸಬಹುದು. ನೋಟಿಸ್ ಕೈಸೇರಿದ 15 ದಿನದಲ್ಲಿ ಹಣ ಕಟ್ಟದಿದ್ದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಸೆಕ್ಷನ್ 138ರಡಿ ಮೊಕದ್ದಮೆಗೆ ದಾರಿಯಾಗುತ್ತದೆ. ಅದಕ್ಕಿಂತ ಮೊದಲೇ ಮಂಡಿಯಲ್ಲಿ ಹೆಸರು ಹೋಗಿರುತ್ತದೆ.

ಪ್ರಶ್ನೆ: ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಫಿಟ್ಟಿಂಗ್ ಬಗ್ಗೆ ಒಬ್ಬರೂ ದೂರಿಲ್ಲ. ಆದರೂ ಒಮ್ಮೆ ಬಂದವರು ಮತ್ತೆ ಬರುವುದಿಲ್ಲ. ಹೇಳಿದ ದಿನಕ್ಕೆ ಕೊಡಲಾಗುವುದಿಲ್ಲ ಎಂಬುದು ನಿಜ.
— ಮಹಿಳಾ ಟೈಲರ್, ಚಿತ್ರದುರ್ಗ

ಉತ್ತರ: ನಿಮ್ಮ ಕೈಯಲ್ಲಿ ದೋಷವಿಲ್ಲ, ನಿಮ್ಮ ದಿನಾಂಕದಲ್ಲಿದೆ ಅಕ್ಕಾ. ಎದುರಿಗೆ ನಿಂತವರನ್ನು ನಿರಾಸೆಪಡಿಸಲಾರದೆ "ಶುಕ್ರವಾರ ಬನ್ನಿ" ಅಂದುಬಿಡುತ್ತೀರಿ. ಆ ದಾಕ್ಷಿಣ್ಯದಿಂದ ಅವರು ಮೂರು ಸಲ ಓಡಾಡುತ್ತಾರೆ.

ಎಂಟು ಗಂಟೆ ಕೂತರೂ ಅಳತೆ, ಮಾತು, ಕರೆಂಟು ಕಳೆದು ಹೊಲಿಗೆಗೆ ಆರು ಗಂಟೆ ಸಿಗುತ್ತದೆ. ಲೈನಿಂಗ್ ಬ್ಲೌಸಿಗೆ ಕತ್ತರಿಸುವುದರಿಂದ ಹುಕ್‌ವರೆಗೆ ಮೂರು ಗಂಟೆ ಹಿಡಿದರೆ ದಿನಕ್ಕೆ ಎರಡು, ಆರು ದಿನಕ್ಕೆ ಹನ್ನೆರಡು. ಅದರಲ್ಲಿ ಒಂಬತ್ತು ಮಾತ್ರ ಒಪ್ಪಿಕೊಳ್ಳಿ, ಉಳಿದ ಹೊತ್ತು ಆಲ್ಟರೇಶನ್‌ಗೆ, ಜ್ವರ ಬಂದ ದಿನಕ್ಕೆ. ಆರ್ಡರ್ ಪುಸ್ತಕವನ್ನು ಗಿರಾಕಿಯ ಹೆಸರಿನಲ್ಲಿ ಇಡದೆ ದಿನಾಂಕದ ಪುಟಗಳಲ್ಲಿಡಿ. ಒಂದು ಪುಟ ತುಂಬಿದರೆ ಮುಂದಿನ ದಿನಾಂಕವೇ ಗತಿ. ಹತ್ತಿಯ ಲೈನಿಂಗ್ ನೆನೆಸಿ ಒಣಗಿಸಿಯೇ ಕತ್ತರಿಸಬೇಕಲ್ಲ, ಇಲ್ಲದಿದ್ದರೆ ಮೊದಲ ಒಗೆತಕ್ಕೆ ಬಿಗಿಯಾಗುತ್ತದೆ. ಆ ಅರ್ಧ ದಿನವನ್ನೂ ಲೆಕ್ಕಕ್ಕೆ ಹಿಡಿಯಿರಿ. ಮದುವೆಯ ಬ್ಲೌಸಾದರೆ ಮೂರು ದಿನ ಮುಂಚಿನ ತಾರೀಕು ಬರೆಯಿರಿ, ಹಾಕಿ ನೋಡಿ ತಿದ್ದಲು ಸಮಯವಿರುತ್ತದೆ.

ಕೆಲವರು "ಅಷ್ಟು ದಿನ ಆಗಲ್ಲ" ಎಂದು ಬೇರೆಡೆ ಹೋಗುತ್ತಾರೆ. ಹೋಗಲಿ. ತಡವಾಗುವಂತಿದ್ದರೆ ಹಿಂದಿನ ಸಂಜೆಯೇ ಫೋನ್ ಮಾಡಿ, ಅವರು ಆಟೋ ಹತ್ತಿ ಬಂದ ಮೇಲೆ ಹೇಳಬೇಡಿ. ಉಳಿದ ತುಂಡುಬಟ್ಟೆಯನ್ನು ಬ್ಲೌಸಿನ ಜೊತೆಗೇ ಮಡಿಸಿ ಕೊಡಿ. ಕತ್ತರಿ ತಪ್ಪಿ ಬಟ್ಟೆ ಕೆಟ್ಟರೆ ಅವರ ಕಣ್ಣಿಗೆ ಬೀಳುವ ಮೊದಲೇ ತಿಳಿಸಿ. ಅದೇ ಬಣ್ಣದ ಬಟ್ಟೆ ತಂದು ಹೊಲಿದುಕೊಡುವುದೋ, ಬಟ್ಟೆಯ ಬೆಲೆ ಹಿಂದಿರುಗಿಸುವುದೋ, ಎರಡರಲ್ಲಿ ಯಾವುದೆಂದು ಅವರೇ ಹೇಳಲಿ.